ಗೊಬ್ಬರ ಹಾಕುವ ಮುನ್ನ ಬೇಲಿ ನೋಡಿ

ಕಳೆದ ತಿಂಗಳು ಓದುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಬಚ್ಚಲುಮನೆಯ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಮಿನಾಕ್ಸಿಡಿಲ್ ಬಾಟಲಿ, ಬಯೋಟಿನ್ ಮಾತ್ರೆ ಡಬ್ಬಿ, ಈರುಳ್ಳಿ ಎಣ್ಣೆ, ಸಣ್ಣ ಸೂಜಿಗಳಿರುವ ರೋಲರ್. ಕೆಳಗೆ, ‘ಸರ್, ಇವನ್ನೆಲ್ಲ ಒಟ್ಟಿಗೇ ಬಳಸಬಹುದಾ, ದಿನಕ್ಕೊಂದರಂತೆ ಬಳಸಬೇಕಾ?’ ಹಾಸನದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗಿ. ಅನುಮಾನವೆಲ್ಲ ಬೋರ್‌ವೆಲ್ ನೀರಿನ ಮೇಲೆ. ಬೆಂಗಳೂರಿನಲ್ಲಿ ಕೂದಲು ಉದುರುವವರೆಲ್ಲ ಮೊದಲು ಬೈಯುವುದು ಬೋರ್‌ವೆಲ್ಲನ್ನೇ. ಗಡಸು ನೀರಿಗೆ ಕೂದಲು ಒರಟಾದೀತು, ನಡುವೆ ತುಂಡಾದೀತು. ಬುಡದಿಂದ ಕಳಚಿ ಬಂದರೆ ಕಾರಣ ಬೇರೆಡೆ ಇರುತ್ತದೆ.

ನಾನು ವೈದ್ಯನಲ್ಲ. ಆದರೂ ಒಂದು ಮಾತು ಕೇಳಿದೆ: ಮೂರು ತಿಂಗಳ ಹಿಂದೆ ಏನಾಗಿತ್ತು?

‘ಡೆಂಗಿ. ಐದು ದಿನ ಆಸ್ಪತ್ರೆಯಲ್ಲಿದ್ದೆ.’

ತಲೆಯ ಮೇಲಿನ ಸುಮಾರು ಒಂದು ಲಕ್ಷ ಕೂದಲಿಗೆ ಒಂದೇ ವಯಸ್ಸಲ್ಲ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನೆ ಕೂತು, ಆಮೇಲೆ ಉದುರುತ್ತದೆ. ಒಂದೊಂದರ ಸರದಿ ಒಂದೊಂದು ಹೊತ್ತಿಗೆ ಬರುವುದರಿಂದ ದಿನಕ್ಕೆ 50ರಿಂದ 100 ಹೋದರೂ ಗೊತ್ತಾಗುವುದಿಲ್ಲ. ಜೋರು ಜ್ವರ ಬಂದಾಗ, ಹೆರಿಗೆಯಾದಾಗ, ಊಟ ಬಿಟ್ಟು ತೂಕ ಇಳಿಸಿದಾಗ ಬೆಳೆಯುತ್ತಿದ್ದ ಕೂದಲಿನ ದೊಡ್ಡ ಪಾಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ಆಗ ಏನೂ ಕಾಣಿಸದು. ಎರಡು ಮೂರು ತಿಂಗಳಾದ ಮೇಲೆ, ಜ್ವರ ಮರೆತೇ ಹೋದ ಹೊತ್ತಿಗೆ, ಬಚ್ಚಲ ಜಾಲರಿಯಲ್ಲಿ ಉಂಡೆ ಕಟ್ಟುತ್ತದೆ. ಹಾಗೆ ಉದುರಿದ ಒಂದೆಳೆಯನ್ನು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ. ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು. ‘ಬೇರೇ ಕಿತ್ತು ಬಂತು’ ಎಂದು ಜನ ಗಾಬರಿ ಬೀಳುವುದು ಇದನ್ನು ನೋಡಿಯೇ. ಬೇರು ಒಳಗೆ ಭದ್ರವಾಗಿದೆ, ಇದು ಮಾಗಿ ಕಳಚಿದ ತೊಟ್ಟು. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಎಂದು ಹೆಸರಿಟ್ಟರು. ಕಾರಣ ತೀರಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ.

ಕೂದಲೆಣ್ಣೆಯ ವ್ಯಾಪಾರ ನಡೆಯುವುದೇ ಈ ‘ತಾನಾಗಿ’ಯಿಂದ. ಉದುರುವುದು ವಿಪರೀತವಾದಾಗ ಬಾಟಲಿ ಕೊಳ್ಳುತ್ತೇವೆ, ಎರಡು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ, ಆ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಕೀರ್ತಿ.

ಹಾಗಾದರೆ ಔಷಧ ಬೇಕಾಗುವುದು ಯಾರಿಗೆ? ತಲೆಯನ್ನು ಹೊಲ ಅಂದುಕೊಳ್ಳಿ. ಮಿನಾಕ್ಸಿಡಿಲ್ ಈ ಹೊಲಕ್ಕೆ ಗೊಬ್ಬರ. ಅದು ಸಿಕ್ಕ ಕಥೆ ಸೊಗಸಾಗಿದೆ. ಅಮೆರಿಕದ ಅಪ್‌ಜಾನ್ ಕಂಪನಿ ಹೊಟ್ಟೆಹುಣ್ಣಿಗೆ ಮದ್ದು ಹುಡುಕಲು ಹೊರಟು, ರಕ್ತನಾಳ ಹಿಗ್ಗಿಸುವ ರಾಸಾಯನಿಕದ ಜಾಡು ಹಿಡಿಯಿತು. 1970ರ ಆಸುಪಾಸಿನಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಚಾರ್ಲ್ಸ್ ಚಿಡ್ಸಿ ಅದನ್ನು ತೀವ್ರ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾಗ ಹೆಂಗಸೊಬ್ಬರ ಮುಖದ ಮೇಲೆಲ್ಲ ಕೂದಲು ಬಂತು. ನೋಡಲು ಬಂದ ಚರ್ಮತಜ್ಞ ಗುಂಟರ್ ಕಾನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಪಾಲ್ ಗ್ರಾಂಟ್ ಆ ಪುಡಿಯನ್ನು ಕಲಸಿ ತಮ್ಮ ತೋಳಿಗೇ ಹಚ್ಚಿಕೊಂಡರು. ಹಚ್ಚಿದಲ್ಲಿ ಕೂದಲು ಮೊಳೆಯಿತು! ಹಿಂದೆಯೇ ಪೇಟೆಂಟ್ ಯಾರದೆಂಬ ಜಗಳವೂ ಮೊಳೆತು ವರ್ಷಗಟ್ಟಲೆ ನಡೆಯಿತು. ಮಾತ್ರೆ 1979ರಲ್ಲಿ ರಕ್ತದೊತ್ತಡಕ್ಕೆಂದು ಬಂದರೆ, ತಲೆಗೆ ಹಚ್ಚುವ ದ್ರಾವಣಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ಗಂಡಸರ ಬೊಕ್ಕತಲೆಯ ಹೊಲಕ್ಕೆ ಗೊಬ್ಬರದ ಕೊರತೆಗಿಂತ ಹಂದಿಗಳ ಕಾಟ ಹೆಚ್ಚು. ಹಂದಿಯೆಂದರೆ ಟೆಸ್ಟೊಸ್ಟಿರೋನಿನಿಂದ ತಯಾರಾಗುವ ಡಿಎಚ್‌ಟಿ ಹಾರ್ಮೋನು. ವಂಶದಲ್ಲಿ ಆ ಗುಣವಿದ್ದವರಲ್ಲಿ ಇದು ನೆತ್ತಿಯ ಕೂದಲ ಬುಡವನ್ನು ಸುತ್ತಿನಿಂದ ಸುತ್ತಿಗೆ ಸಣ್ಣಗಾಗಿಸಿ, ಕೊನೆಗೆ ಎಳೆಮಗುವಿನ ಮೈರೋಮದಂಥದ್ದನ್ನು ಉಳಿಸುತ್ತದೆ. ಬೇಲಿಯ ಉಪಾಯ ಹೊಳೆದದ್ದು ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಿಂದ. ಹೆಣ್ಣೆಂದು ಬೆಳೆಸಿದ ಕೆಲವು ಮಕ್ಕಳು ಹನ್ನೆರಡರ ಸುಮಾರಿಗೆ ಗಂಡಾಗಿ ಮಾರ್ಪಡುತ್ತಿದ್ದರು. ಹುಟ್ಟಿನಿಂದಲೇ ಅವರಲ್ಲಿ ಡಿಎಚ್‌ಟಿ ತಯಾರಿಸುವ ಕಿಣ್ವದ ಕೊರತೆ ಇತ್ತೆಂದು ಜೂಲಿಯಾನ್ ಇಂಪೆರಾಟೊ ಮೆಗಿನ್ಲಿ ತಂಡ 1974ರಲ್ಲಿ ವರದಿ ಮಾಡಿತು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇತ್ತು, ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಮರ್ಕ್ ಕಂಪನಿ ಅದೇ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ತಂದಿತು. 1992ರಲ್ಲಿ ಪ್ರಾಸ್ಟೇಟಿಗೆ 5 ಮಿಲಿಗ್ರಾಂ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ.

ಈಗ ಜೋಡಿಯ ಲೆಕ್ಕ ಸುಲಭ. ಗೊಬ್ಬರಕ್ಕೆ ಬೇಲಿ ಜೊತೆಯಾದರೆ ಒಂದೊಂದೇ ಕೊಡುವುದಕ್ಕಿಂತ ಹೆಚ್ಚು ಫಲ, ಪ್ರಯೋಗಗಳಲ್ಲೂ ಹಾಗೇ ಕಂಡಿದೆ. ಗೊಬ್ಬರದ ಮೇಲೆ ಗೊಬ್ಬರ ಸುರಿದರೆ ಖರ್ಚಷ್ಟೇ. ಎರಡನ್ನೂ ನಿಲ್ಲಿಸಿದರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬೇಲಿಗೂ ಬೆಲೆಯುಂಟು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಂದುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿ ಅರ್ಧಕ್ಕಿಳಿಯುವುದರಿಂದ ಪರೀಕ್ಷೆಗೆ ಮುನ್ನ ವೈದ್ಯರಿಗೆ ಹೇಳಬೇಕು. ಗರ್ಭಿಣಿಯರು, ಗರ್ಭ ಧರಿಸಬಹುದಾದವರು ಇದನ್ನು ತೆಗೆದುಕೊಳ್ಳುವಂತಿಲ್ಲ.

ನಾಲ್ಕಾಣೆ ನಾಣ್ಯದಷ್ಟು ಜಾಗ ಬೋಳಾಗಿ ‘ಹುಳ ತಿಂದಿದೆ’ ಅನ್ನಿಸಿಕೊಳ್ಳುವ ಅಲೋಪೇಶಿಯಾ ಏರಿಯೇಟಾದ ಕಥೆ ಬೇರೆ. ಅಲ್ಲಿ ಹುಳವೂ ಇಲ್ಲ, ಹಂದಿಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತದೆ, ಅಂದರೆ ದೇಹದ ಕಾವಲುಕೋಶಗಳೇ ಕೂದಲ ಬುಡಕ್ಕೆ ಮುತ್ತಿಗೆ ಹಾಕುತ್ತವೆ. ಚಿಕ್ಕ ಜಾಗವಾದರೆ ಸ್ಟಿರಾಯ್ಡ್ ಚುಚ್ಚುಮದ್ದು. ತಲೆಯೆಲ್ಲ ಬೋಳಾದವರಿಗಾಗಿ ಅಮೆರಿಕದಲ್ಲಿ 2022ರಲ್ಲಿ ಬ್ಯಾರಿಸಿಟಿನಿಬ್‌ಗೆ ಒಪ್ಪಿಗೆ ಸಿಕ್ಕಿತು. ಅದೂ ಸಂಧಿವಾತಕ್ಕೆಂದು ಬಂದಿದ್ದ ಮಾತ್ರೆ. ನೋಡಿ, ಮೂರಕ್ಕೆ ಮೂರೂ ಪಕ್ಕದ ಮನೆಯಿಂದ ಎರವಲು ತಂದ ಮದ್ದುಗಳೇ.

ಕಲೆಗಟ್ಟಿ ಬುಡವೇ ಸತ್ತ ತಲೆ, ಲೇಔಟ್ ಆದ ಹೊಲ. ಉಳಿದ ಜಾಗ ಕಾಪಾಡಿಕೊಳ್ಳಲು ಬೇಗ ಚರ್ಮತಜ್ಞರ ಬಳಿ ಹೋಗಬೇಕು. ಇನ್ನು ಕಸಿ, ಅಂದರೆ ನಾಟಿ. ತಲೆಯ ಹಿಂಭಾಗದ ಕೂದಲಿಗೆ ಹಂದಿ ಬಾಯಿ ಹಾಕುವುದಿಲ್ಲ, ಮುಂದೆ ತಂದು ನೆಟ್ಟರೂ ಆ ಗುಣ ಬಿಡುವುದಿಲ್ಲ ಎಂದು 1950ರ ದಶಕದಲ್ಲಿ ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ತೋರಿಸಿದರು. ಮೊದಲಿಂದ ಅಲ್ಲೇ ಇದ್ದ ಪೈರಿಗೆ ಮಾತ್ರ ಆ ರಕ್ಷಣೆಯಿಲ್ಲ. ಲಕ್ಷಗಟ್ಟಲೆ ಕೊಟ್ಟು ನಾಟಿ ಮಾಡಿಸಿ ಔಷಧ ಬಿಟ್ಟವರ ತಲೆಯಲ್ಲಿ ನೆಟ್ಟ ಸಾಲು ಉಳಿದು, ಅದರ ಹಿಂದೆ ಬಯಲಾಗುವುದು ಹೀಗೆ.

ಮರಳಿ ಕಿಟಕಿಕಟ್ಟೆಗೆ. ರೋಲರನ್ನು ನಗೆಯಾಡಿ ತಳ್ಳುವಂತಿಲ್ಲ. ಮಿನಾಕ್ಸಿಡಿಲ್ ಜೊತೆಗೆ ಸೂಜಿ ರೋಲರೂ ಸೇರಿದರೆ ಕೂದಲು ಹೆಚ್ಚು ಬರುತ್ತದೆಂದು ಮುಂಬೈ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ, ಕುಂಟೆ ಹೊಡೆದು ಗೊಬ್ಬರ ಹಾಕಿದ ಹಾಗೆ. ಅವರು ನೋಡಿದ್ದು ಬೊಕ್ಕತಲೆಯ ಗಂಡಸರನ್ನು, ಡೆಂಗಿಯಿಂದ ಎದ್ದವರನ್ನಲ್ಲ. ಬಚ್ಚಲ ತೇವದಲ್ಲಿ ಬಿದ್ದಿರುವ ರೋಲರಂತೂ ಕೀವಿಗೆ ಆಹ್ವಾನ. ಈರುಳ್ಳಿಗೂ 2002ರ ಒಂದು ಸಣ್ಣ ಅಧ್ಯಯನವಿದೆ, ಬಾಗ್ದಾದಿನದು. ಅದು ‘ಹುಳ ತಿಂದ’ ಜಾಗಕ್ಕೆ ಹಚ್ಚಿದ ಹಸಿ ರಸದ ಬಗ್ಗೆ. ಸುಗಂಧ ಬೆರೆಸಿದ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಬಯೋಟಿನ್ ತಮಾಷೆ ಇನ್ನೂ ದೊಡ್ಡದು. ಕೂದಲು ಉದುರಿದರೆ ವೈದ್ಯರು ಕಬ್ಬಿಣಾಂಶದ ಜೊತೆ ಥೈರಾಯ್ಡ್ ಪರೀಕ್ಷೆಯನ್ನೂ ಬರೆಯುತ್ತಾರೆ. ಹೆಚ್ಚು ಪ್ರಮಾಣದ ಬಯೋಟಿನ್ ಆ ಪರೀಕ್ಷೆಯನ್ನೇ ದಾರಿ ತಪ್ಪಿಸಬಲ್ಲದು. ಗುಣ ಮಾಡಬೇಕಾದ ಮಾತ್ರೆಯೇ ಸಾಕ್ಷಿ ತಿದ್ದುತ್ತದೆ!

ಹುಡುಗಿಗೆ ಇಷ್ಟು ಹೇಳಿದೆ: ಬಯೋಟಿನ್ ನಿಲ್ಲಿಸಿ ಕೆಲವು ದಿನ ಬಿಟ್ಟು ರಕ್ತ ಕೊಡಿ, ಬೈತಲೆ ಅಗಲವಾಗುತ್ತಿದ್ದರೆ ಅಥವಾ ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮತಜ್ಞರಿಗೆ ತೋರಿಸಿ. ಮಿನಾಕ್ಸಿಡಿಲ್ ಶುರುಮಾಡಿದ ಮೊದಲ ವಾರಗಳಲ್ಲಿ ಅದೇ ಒಂದಿಷ್ಟು ಉದುರಿಸುತ್ತದೆ, ಈಗ ಆ ಗೊಂದಲ ಬೇಡ.

‘ಆ ಬಾಟಲಿ ಏನು ಮಾಡಲಿ ಸರ್? ಅಣ್ಣ ಕೇಳ್ತಿದಾನೆ, ಅವನ ಹಣೆ ಮೇಲೇರ್ತಿದೆ.’

ಅಣ್ಣ ವೈದ್ಯರನ್ನು ಕೇಳಲಿ ಎಂದೆ. ಮನೆಯಲ್ಲಿ ಬೆಕ್ಕಿದೆಯಾ ಎಂದೂ ಕೇಳಿದೆ. ದಿಂಬಿಗೆ ಅಂಟಿದ ಮಿನಾಕ್ಸಿಡಿಲನ್ನು ಸ್ವಲ್ಪ ನೆಕ್ಕಿದರೂ ಬೆಕ್ಕಿನ ಪ್ರಾಣಕ್ಕೆ ಕುತ್ತು.

‘ಎರಡಿವೆ’ ಎಂದರು.