ಕ್ವಿಜ್‌ನಲ್ಲಿ ತಡವರಿಸುವವರು ಅವರಷ್ಟೇ ಅಲ್ಲ: ನಮ್ಮ ರಾಜಮನೆತನಗಳ ಬಗ್ಗೆ ಐದು ಪ್ರಶ್ನೆಗಳು



ಕೆಲವು ತಿಂಗಳ ಹಿಂದೆ ಒಂದು ದಿನ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಟಿ. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕುಳಿತಿದ್ದೆವು. ಒಂದು ಕ್ವಿಜ್ ಕಾರ್ಯಕ್ರಮ ಬರುತ್ತಿತ್ತು. "ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಯಾರನ್ನು?" ಎಂಬ ಪ್ರಶ್ನೆ ಬಂತು. ಮೂವರು ಸ್ಪರ್ಧಿಗಳೂ ಡಿಗ್ರಿ ಓದಿದವರು. ಒಬ್ಬರು ಕಿತ್ತೂರು ಚೆನ್ನಮ್ಮ ಎಂದರು, ಇನ್ನೊಬ್ಬರು ಕೆಳದಿ ಚೆನ್ನಮ್ಮ ಎಂದರು, ಮೂರನೆಯವರು ಬಾಯಿಯೇ ಬಿಡಲಿಲ್ಲ. "ಇಷ್ಟೂ ಗೊತ್ತಿಲ್ಲವಾ ಇವರಿಗೆ!" ಎಂದು ನಾನು ನಕ್ಕೆ. ಪಕ್ಕದಲ್ಲಿದ್ದ ಮೊಮ್ಮಗಳು ಬಿಡಲಿಲ್ಲ. "ತಾತ, ನೀವು ಮೂವತ್ತು ವರ್ಷದಿಂದ ಮೆಣಸು ಮಾರ್ತಿದ್ದೀರಲ್ಲ, ನೀವು ಹೇಳಿ" ಎಂದಳು.

ನನಗೂ ಗೊತ್ತಿರಲಿಲ್ಲ.

ಉತ್ತರ ಪರದೆಯ ಮೇಲೆ ಬಂತು: ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಜೈನ ರಾಣಿ. ದಿನವೂ ಮೆಣಸಿನ ಮೂಟೆಗಳ ನಡುವೆ ಕೂರುವ ಜೈನ ವ್ಯಾಪಾರಿಯೊಬ್ಬನಿಗೆ ತಿಳಿಯದ ಹೆಸರು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಮಹಾವೀರ ಜಯಂತಿಗೆ ಸ್ವಯಂಸೇವಕನಾಗಿ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ರಸಪ್ರಶ್ನೆ ನಡೆಸಿದೆ. ಐದೇ ಪ್ರಶ್ನೆ. ಮಕ್ಕಳು, ದೊಡ್ಡವರು ಸೇರಿ ಯಾರೂ ಐದಕ್ಕೂ ಸರಿ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಓದುಗರಿಗಾಗಿ ಇಲ್ಲಿ ಕೊಡುತ್ತಿದ್ದೇನೆ.

1. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿ ಯಾವ ರಾಜನ ಕಾಲದ್ದು?

ಹೆಚ್ಚಿನವರು ಹೊಯ್ಸಳ ವಿಷ್ಣುವರ್ಧನ ಎಂದರು. ಸರಿ ಉತ್ತರ ಗಂಗರ ನಾಲ್ಕನೇ ರಾಚಮಲ್ಲ. ಅವನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಸುಮಾರು 58 ಅಡಿ ಎತ್ತರದ ಈ ಮೂರ್ತಿಯನ್ನು ಮಾಡಿಸಿದ. ವಿಷ್ಣುವರ್ಧನನ ಹೆಸರು ಬರಲು ಕಾರಣವಿದೆ. ಮೂರ್ತಿಯ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಎರಡು ಕೆಲಸಗಳ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಇಬ್ಬರ ಹೆಸರೂ ಮೂರ್ತಿಯ ಪಾದದ ಅಕ್ಕಪಕ್ಕದಲ್ಲೇ ಕೆತ್ತಿದೆ. ನಾವು ಕೈಮುಗಿದು ಮುಂದೆ ಹೋಗುತ್ತೇವೆ, ಓದುವುದಿಲ್ಲ.

2. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಇಬ್ಬರು ರಾಜರು ಯಾರು?

ಚಂದ್ರಗುಪ್ತ ಮೌರ್ಯನ ಹೆಸರು ಎಲ್ಲರ ಬಾಯಲ್ಲೂ ಬಂತು. ಅದು ನಮ್ಮ ಪರಂಪರೆ ಹೇಳುವ ಮಾತು. ಕನ್ನಡ ನಾಡಿನ ರಾಜರಲ್ಲಿ ನಾನು ಕೇಳಿದ್ದು ಗಂಗರ ಇಮ್ಮಡಿ ಮಾರಸಿಂಹ ಮತ್ತು ರಾಷ್ಟ್ರಕೂಟರ ನಾಲ್ಕನೇ ಇಂದ್ರನ ಹೆಸರು. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟ ರಾಜ್ಯ ಕುಸಿಯಿತು. ಇಂದ್ರನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಲು ಮಾರಸಿಂಹ ಶ್ರಮಿಸಿದ, ಆಗಲಿಲ್ಲ. ಮಾರಸಿಂಹ 974ರ ಸುಮಾರಿಗೆ ಈಗಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ದೇಹ ಬಿಟ್ಟ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಮಾಡಿದ. ಮಾರಸಿಂಹನ ವಿವರ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿದೆ.

3. ರಾಣಿ ಶಾಂತಲೆ ಎಲ್ಲಿ ತೀರಿಕೊಂಡಳು?

ಬೇಲೂರು, ಹಳೇಬೀಡು ಎಂಬ ಉತ್ತರಗಳೇ ಹೆಚ್ಚು. ಆದರೆ ಅದು ನಮ್ಮ ತುಮಕೂರು ರಸ್ತೆಯಲ್ಲೇ ಹೋಗಿ, ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಶಿವಗಂಗೆ. ವರ್ಷ 1131. ವಿಷ್ಣುವರ್ಧನನ ಪಟ್ಟದ ರಾಣಿಯಾದ ಶಾಂತಲೆ ಜೈನಧರ್ಮವನ್ನು ಕೊನೆಯವರೆಗೂ ಬಿಡಲಿಲ್ಲ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿ, ಶಾಂತಿನಾಥ ತೀರ್ಥಂಕರರನ್ನು ಪ್ರತಿಷ್ಠಾಪಿಸಿದಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ ಶ್ರಾವಕಿ. ಮಗಳು ಹೋದ ದುಃಖದಲ್ಲಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಶಾಂತಲೆ ಬೆಟ್ಟದಿಂದ ಹಾರಿದಳೆಂಬ ಕಥೆ ಜನರಲ್ಲಿದೆ. ಬೆಳಗೊಳದ ಶಾಸನ ಹಾಗೆ ಹೇಳುವುದಿಲ್ಲ.

4. ಮೆಣಸಿನ ರಾಣಿ ಯಾರು?

ಈಗ ನನಗೆ ಗೊತ್ತಿದೆ. ಗೇರುಸೊಪ್ಪೆಯ ಸಾಳುವ ಮನೆತನದ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು. ಹೊನ್ನಾವರ, ಭಟ್ಕಳದ ಬಂದರುಗಳಿಂದ ಮೆಣಸು ಹೊರದೇಶಕ್ಕೆ ಹೋಗುತ್ತಿತ್ತು. ಆ ವ್ಯಾಪಾರ ಇವಳ ಕೈಯಲ್ಲಿದ್ದದ್ದರಿಂದ ಪೋರ್ಚುಗೀಸರು "ರೈನಾ ದ ಪಿಮೆಂಟಾ" ಎಂದು ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಯಲ್ಲಿಟ್ಟ. ಶರಾವತಿ ದಂಡೆಯ ಕಾಡಿನಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಇವಳ ಕಾಲದಲ್ಲೇ ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಜೈನ ಚೌಟ ಮನೆತನದವಳು. ಇಬ್ಬರನ್ನೂ ಒಬ್ಬಳೇ ಎಂದುಕೊಂಡವರು ನಮ್ಮಲ್ಲೂ ಇದ್ದರು.

5. ಹೆಬ್ಬಾಳದ ಹಳೆಯ ಶಾಸನ ಯಾವ ರಾಜನ ಕಾಲದ್ದು?

ಕೆಂಪೇಗೌಡ ಎಂದವರೇ ಎಲ್ಲರೂ. ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಅದಕ್ಕಿಂತ ಸುಮಾರು 800 ವರ್ಷ ಹಳೆಯದು. ಗಂಗರ ಶ್ರೀಪುರುಷನ ಕಾಲ, ಕ್ರಿ.ಶ. 750ರ ಸುಮಾರು. ದಂಡೆತ್ತಿ ಬಂದವರೊಡನೆ ಹೋರಾಡಿ ಮಡಿದ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಫ್ಲೈಓವರ್ ಮೇಲೆ ದಿನಾ ಟ್ರಾಫಿಕ್‌ನಲ್ಲಿ ನಿಲ್ಲುವ ನಾವು ಗಂಗರ ನಾಡಿನಲ್ಲೇ ನಿಂತಿರುತ್ತೇವೆ.

ಹೀಗೇಕೆ ಆಗುತ್ತದೆ?

ನನಗೆ ಕಂಡ ಕಾರಣ ಮೂರು. ಒಂದು, ಹೆಸರುಗಳು ಮರುಕಳಿಸುತ್ತವೆ. ರಾಚಮಲ್ಲರು ಹಲವರು, ಚೆನ್ನಮ್ಮಂದಿರು ಇಬ್ಬರು, ಜೊತೆಗೆ ಚೆನ್ನಭೈರಾದೇವಿ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮೇಲೆ ಉಳಿಯುವುದಿಲ್ಲ. ಎರಡು, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೂ, ಕಾಮರ್ಸ್‌ನಲ್ಲಿ ನನ್ನಂತೆ ಇತಿಹಾಸ ಆರಿಸದವರಿಗೂ ಇತಿಹಾಸ ಹತ್ತನೇ ತರಗತಿಗೇ ಮುಗಿಯುತ್ತದೆ. ಮೂರು, ಕ್ಷೇತ್ರ ದರ್ಶನಕ್ಕೆ ಹೋದಾಗ ನಾವು ಮೂರ್ತಿಯನ್ನು ನೋಡುತ್ತೇವೆ, ಮಾಡಿಸಿದವರ ಬಗ್ಗೆ ವಿಚಾರಿಸುವುದಿಲ್ಲ. ಮನೆಯ ಹಿರಿಯರೇ ಕೇಳದಿದ್ದರೆ ಮಕ್ಕಳು ಏನನ್ನು ಕಲಿತಾರು?

ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ವರ್ಷಗಳಿಂದ ನಡೆಸಿಕೊಂಡು ಬಂದ "ಥಟ್ ಅಂತ ಹೇಳಿ" ಕಾರ್ಯಕ್ರಮದಲ್ಲಿ ಸರಿ ಉತ್ತರಕ್ಕೆ ಪುಸ್ತಕವೇ ಬಹುಮಾನ. ನಮ್ಮ ಪಾಠಶಾಲೆಯಲ್ಲೂ ಈಗ ಸ್ಟೀಲ್ ಡಬ್ಬಿ ಬಿಟ್ಟು ಪುಸ್ತಕ ಕೊಡಲು ಶುರು ಮಾಡಿದ್ದೇವೆ. ಪ್ರತಿ ತಿಂಗಳು ಒಂದು ಶಾಸನ ಅಥವಾ ಒಂದು ಬಸದಿಯನ್ನು ಆರಿಸಿ, ಮಾಡಿಸಿದವರು ಯಾರು, ಯಾವ ರಾಜನ ಕಾಲ, ಇಲ್ಲಿಂದ ಹೋಗುವ ದಾರಿ ಯಾವುದು ಎಂಬ ಮೂರೇ ಪ್ರಶ್ನೆ ಕೇಳುತ್ತೇವೆ. ದಾರಿ ಗೊತ್ತಿರುವ ಊರಿನ ರಾಜ ಮರೆಯುವುದಿಲ್ಲ ಎಂಬುದು ನನ್ನ ಅನುಭವ. ಬೇರೆ ಊರಿನ ಪಾಠಶಾಲೆಗಳೂ ಇದನ್ನು ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಮೊಮ್ಮಗಳಿಗೆ ರಜೆಯಲ್ಲಿ ಗೇರುಸೊಪ್ಪೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಟಿವಿಯಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದರೆ ಈಗ ನಾನು ನಗುವುದಿಲ್ಲ.