ಟೆಂಪೋ ಹೊರಡುವ ಮುನ್ನ ಹಗ್ಗ ನೋಡಿದ್ರಾ?

ಯಜಮಾನರಿಗೆ ಖಾನಾಪುರಕ್ಕೆ ವರ್ಗ ಆಯ್ತು, ಮಕ್ಕಳ ಪರೀಕ್ಷೆನೂ ಮುಗೀತು. ಭಾನುವಾರ ಬೆಳಿಗ್ಗೆ ಟೆಂಪೋ ಬಂದು ಬಾಗಿಲಿಗೆ ನಿಂತಿದೆ. ಎಂಟು ದಿನದಿಂದ ಭಾಂಡೆಗಳಿಗೆ ಪೇಪರ್ ಸುತ್ತಿ, ಡಬ್ಬಿಗಳ ಮೇಲೆ ಹೆಸರು ಬರೆದು ನೀವು ಸುಸ್ತಾಗಿದ್ದೀರಿ. ಇನ್ನು ಹೇರೋದು, ಕಟ್ಟೋದು ಹಮಾಲರ ಕೆಲಸ ಅಂತ ಒಳಗೆ ಚಹಾ ಇಡೋಕೆ ಹೊರಟಿರಾ? ಸ್ವಲ್ಪ ನಿಲ್ಲಿ! ಚಹಾ ಹತ್ತು ನಿಮಿಷ ತಡವಾದ್ರೂ ನಡೆಯುತ್ತೆ.

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. 'ಇಷ್ಟ ದಾರಿಗೆ ಅಷ್ಟೆಲ್ಲಾ ಯಾಕ್ರಿ ಅಕ್ಕಾರ, ಏನೂ ಆಗಂಗಿಲ್ಲ' ಅಂತ ಡ್ರೈವರ್ ಹೇಳೇ ಹೇಳ್ತಾನೆ. ಆದ್ರೆ ತಿಲಕವಾಡಿ ದಾಟಿ, ಪೀರನವಾಡಿ ಬಿಟ್ಟ ಮೇಲೆ ಗೋವಾ ಕಡೆ ಹೋಗೋ ಹೆದ್ದಾರಿ. ಗಾಡಿ ಓಡೋದೇ ಅಲ್ಲಿ. ದೂರ ಕಡಿಮೆ ಅಂತ ಬ್ರೇಕ್ ಮೆತ್ತಗೆ ಬೀಳುತ್ಯೇ? ಎಮ್ಮೆ ಅಡ್ಡ ಬಂದ್ರೆ ಗಾಡಿ ನಿಲ್ಲುತ್ತೆ, ಮೇಲಿರೋ ತಿಜೋರಿ ನಿಲ್ಲೋದಿಲ್ಲ. ಯುರೋಪಿನಲ್ಲಿ ಸಾಮಾನು ಕಟ್ಟೋದಕ್ಕೂ ಒಂದು ಮಾನದಂಡ ಇದೆ. ಸಾಮಾನಿನ ತೂಕದ ಶೇ 80ರಷ್ಟು ಬಲ ಮುಂದಕ್ಕೆ ನೂಕಿದ್ರೂ, ಅರ್ಧದಷ್ಟು ಬಲ ಪಕ್ಕಕ್ಕೆ ಅಥವಾ ಹಿಂದಕ್ಕೆ ಎಳೆದ್ರೂ ಕಟ್ಟು ತಡೀಬೇಕು ಅಂತ. 80 ಕಿಲೋ ತಿಜೋರಿ ಅಂದ್ರೆ ಮುಂದಕ್ಕೆ 64 ಕಿಲೋ ಲೆಕ್ಕ. ಅದಕ್ಕೆ ಒಂದೇ ಸುತ್ತು ಹಗ್ಗ ಸಾಕಾ, ನೀವೇ ಹೇಳಿ. ಇನ್ನು ಹಿಂದಕ್ಕೆ ಜಾರಿದ್ರಂತೂ ಅದು ಬೀಳೋದು ನಮ್ಮ ಮೇಲಲ್ಲ, ಬೆನ್ನ ಹಿಂದೆ ಬರ್ತಿರೋ ಬೈಕಿನವರ ಮೇಲೆ.

ಹಾಗಾಗಿ ಭಾರದ್ದೆಲ್ಲ ಮೊದಲು ಹತ್ತಲಿ. ತಿಜೋರಿ, ಫ್ರಿಜ್, ವಾಷಿಂಗ್ ಮಷಿನ್ ಡ್ರೈವರ್ ಕ್ಯಾಬಿನ್ನಿಗೆ ಒತ್ತಿಕೊಂಡು ನಿಲ್ಲಲಿ, ನಡುವೆ ಸಂದು ಬೇಡ. ಸಂದು ಇದ್ರೆ ಹಳೆ ಕೌದಿ ತುರುಕಿ. ಗಾಜಿನ ಸಾಮಾನಿನ ನಡುವೆ ಮಾತ್ರ ಅಲ್ಲ, ತಿಜೋರಿ ಅಂಚಿಗೂ ಕೌದಿ ಹಾಕಿ. ಇಲ್ದಿದ್ರೆ ಕಬ್ಬಿಣದ ಆ ಚೂಪು ಅಂಚು ಗಾಡಿ ಅಲ್ಲಾಡಿದಂತೆಲ್ಲಾ ಹಗ್ಗವನ್ನು ಗರಗಸದ ಹಾಗೆ ಕೊಯ್ಯುತ್ತೆ. ಫ್ರಿಜ್ ಹಿಂದಿನ ದಿನವೇ ಬಂದ್ ಮಾಡಿ, ಒರೆಸಿ, ನಿಂತಂತೆಯೇ ಒಯ್ಯಿಸಿ. ಮಲಗಿಸೋದು ಅನಿವಾರ್ಯ ಆದ್ರೆ ಹೊಸ ಮನೇಲಿ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕ್ಬೇಡಿ, ಕೆಲವು ತಾಸು ಬಿಡಿ. ಕಂಪ್ರೆಸರ್ ಎಣ್ಣೆ ಕೆಳಗೆ ಇಳೀಬೇಕು. ಗ್ಯಾಸ್ ಸಿಲಿಂಡರ್ ಹೇರೋದೇ ಬೇಡ. ಬೇರೆ ಊರಿಗೆ ಹೋಗುವಾಗ ಅದನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ವೋಚರ್ ತಗೊಂಡು ಅಲ್ಲಿ ಹೊಸದು ಪಡೆಯೋದೇ ಸರಿ.

ಎಲ್ಲಕ್ಕಿಂತ ಮೋಸ ಮಾಡೋದು ಯಾವುದು ಗೊತ್ತಾ? ಭಾರದ್ದಲ್ಲ, ಹಗುರದ್ದು! ಸಮುದ್ರದಲ್ಲಿ ಹಾಯಿ ಕಟ್ಟಿ ಓಡಿಸೋ ಕಟಮರಾನ್ ದೋಣಿ ಟೀವಿಯಲ್ಲಿ ನೋಡಿರ್ತೀರಿ. ಹೆಸರೇ ತಮಿಳಿನ 'ಕಟ್ಟುಮರಂ'ನಿಂದ ಬಂದದ್ದು, ಕಟ್ಟಿದ ಮರ ಅಂತ ಅರ್ಥ. ಪುಟ್ಟ ಕಟಮರಾನನ್ನು ಟ್ರೇಲರ್ ಮೇಲೆ ಒಯ್ಯೋವಾಗ ತೂಕಕ್ಕಿಂತ ಗಾಳಿಯ ಚಿಂತೆನೇ ಹೆಚ್ಚು. ಅಗಲ ಜಾಸ್ತಿ, ಭಾರ ಕಡಿಮೆ. ಗಾಳಿ ಕೆಳಗೆ ನುಗ್ಗಿದ್ರೆ ಎತ್ತಿಬಿಡುತ್ತೆ. ಅದಕ್ಕೇ ನಡುವೆ ಮಾತ್ರ ಅಲ್ಲದೆ ಮುಂದೆ, ಹಿಂದೆಯೂ ಕೆಳಕ್ಕೆ ಎಳೆದು ಕಟ್ತಾರೆ. ನಿಮ್ಮ ಡಬಲ್ ಗಾದಿಯದೂ ಅದೇ ಗುಣ ಕಣ್ರೀ. ಎಲ್ಲಕ್ಕಿಂತ ಮೇಲೆ ಹರಡಿ, ಅಡ್ಡಕ್ಕೆ ಒಂದು ಹಗ್ಗ ಎಳೆದು ಬಿಟ್ರೆ ಅದು ಹಾಯಿಯೇ! ಗಾದಿಯನ್ನು ನಿಲ್ಲಿಸಿ ತಿಜೋರಿಗೂ ಫ್ರಿಜ್‌ಗೂ ನಡುವೆ ಸೇರಿಸಿದ್ರೆ ಮೂರೂ ಬಚಾವ್. ಪ್ಲಾಸ್ಟಿಕ್ ಕುರ್ಚಿ, ಖಾಲಿ ಬಕೆಟ್ ಒಂದರೊಳಗೊಂದು ಸೇರಿಸಿ ಒಟ್ಟಿಗೆ ಕಟ್ಟಿ. ತಾಡಪತ್ರಿಯ ಮುಂದಿನ ಅಂಚು ಸಾಮಾನಿನ ಕೆಳಗೆ ಮಡಚಿರಲಿ.

ನೈಲಾನ್ ಹಗ್ಗ ಹಿಗ್ಗುತ್ತೆ, ಗಂಟೂ ಜಾರುತ್ತೆ. ಹಿಡಿ ಎಳೆದು ಬಿಗಿ ಮಾಡೋ ಪಾಲಿಸ್ಟರ್ ಪಟ್ಟಾ ಅಷ್ಟು ಹಿಗ್ಗಲ್ಲ. ಒಂದೆರಡು ಕೊಂಡ್ರೆ ಮುಂದಿನ ವರ್ಗಾವಣೆಗೂ ಆಯ್ತು. ಪಟ್ಟಾ ಗಾಳಿಗೆ ಪಟಪಟ ಅಂತ ಬಡ್ಕೊಂಡ್ರೆ ಅದಕ್ಕೊಂದು ತಿರುವು ಕೊಡಿ, ಸುಮ್ಮನಾಗುತ್ತೆ. ಯಾವುದೇ ಇರ್ಲಿ, ತುದಿ ಬೀಳಬೇಕಾದ್ದು ಗಾಡಿಯ ಕಬ್ಬಿಣದ ಕೊಂಡಿಗೆ. ಕಟ್ಟಿದ ಮೇಲೆ ತಿಜೋರಿಯನ್ನ ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ. ತಿಜೋರಿ ಜೊತೆ ಗಾಡಿನೂ ಅಲ್ಲಾಡಿದ್ರೆ ಕಟ್ಟಿದ್ದು ಸರಿ. ತಿಜೋರಿ ಒಂದೇ ಅಲ್ಲಾಡಿದ್ರೆ ಮತ್ತೆ ಕಟ್ಟೋಕೆ ಹೇಳಿ. ಹಮಾಲರು ಗೊಣಗಿದ್ರೆ ಗೊಣಗಲಿ ಬಿಡಿ. ಮಂಚದ ಕಾಲು ಗಾಡಿಯಿಂದ ಹೊರಗೆ ಚಾಚೋದೂ ಬೇಡ. ಸಾಮಾನು ಮಿತಿ ಮೀರಿ ಹೊರಚಾಚಿದ್ರೆ 20,000 ರೂಪಾಯಿ ದಂಡ ಅಂತ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿದೆ.

ಇನ್ನೊಂದು ಮಾತು ಖಡಕ್ಕಾಗಿ ಹೇಳ್ತೀನಿ. 'ಸಾಮಾನು ಹಿಡ್ಕೊಂಡು ಕೂತಿರು' ಅಂತ ಮಗನನ್ನು ಗಾದಿ ಮೇಲೆ ಹತ್ತಿಸ್ತಾರಲ್ಲ, ಅದಂತೂ ಬೇಡವೇ ಬೇಡ. ಹಗ್ಗ ತಡೆಯಲಾರದ್ದನ್ನು ಹನ್ನೆರಡು ವರ್ಷದ ಹುಡುಗ ತಡೀತಾನಾ? ಬೆಳಗಾವಿಯಿಂದ ಬಸ್ಸಿದೆ, ರೈಲಿದೆ. ಅತ್ತೆ, ಮಕ್ಕಳು, ದೇವರ ಪೆಟ್ಟಿಗೆ ಎಲ್ಲಾ ಅದರಲ್ಲಿ ಬರಲಿ.

ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಮನೆಯ ದೊಡ್ಡವರೊಬ್ಬರು ಕೂತಿರಲಿ. ಪೀರನವಾಡಿ ಹತ್ತಿರ ರಸ್ತೆ ಬಿಟ್ಟು ಪಕ್ಕಕ್ಕೆ ಗಾಡಿ ನಿಲ್ಲಿಸೋಕೆ ಅವರಿಗೆ ಮೊದಲೇ ಹೇಳಿಡಿ. ಅಷ್ಟು ಕುಲುಕಾಟಕ್ಕೆ ಸಾಮಾನು ಕೂತಿರುತ್ತೆ, ಹಗ್ಗ ಸಡಿಲಾಗಿರುತ್ತೆ. ಅಲ್ಲೊಮ್ಮೆ ಎಲ್ಲಾ ಗಂಟು ಬಿಗಿ ಮಾಡಿಸಿ ಮುಂದೆ ಹೋಗಲಿ. ಮಾಡದೇ ಉಳಿದ ಚಹಾ ಫ್ಲಾಸ್ಕಿಗೆ ಹಾಕಿ ಕೊಟ್ಟಿದ್ರೆ ಡ್ರೈವರ್ ಕೂಡ ಬೇಡ ಅನ್ನಲ್ಲ.