ಹಾದುಹೋಗುವಾಗ ಸಿಕ್ಕ ಚಂದ್ರರು

1979ರ ಮಾರ್ಚ್ 5ರಂದು ಅಮೆರಿಕದ ವಾಯೇಜರ್-1 ನೌಕೆ ಗುರುಗ್ರಹದ ಪಕ್ಕದಲ್ಲಿ ಹಾದುಹೋಯಿತು. ಮೂರು ದಿನ ಕಳೆದ ಮೇಲೆ, ಗುರುವನ್ನೂ ಅದರ ಪರಿವಾರವನ್ನೂ ಹಿಂದೆ ಬಿಟ್ಟು ಸಾಗುತ್ತಿದ್ದಾಗ, ಒಮ್ಮೆ ಹಿಂದಿರುಗಿ ಅಯೋ ಎಂಬ ಚಂದ್ರನ ಚಿತ್ರ ತೆಗೆಯಿತು. ಆಗಲೇ ನಡುವಿನ ಅಂತರ 45 ಲಕ್ಷ ಕಿ.ಮೀ. ಅಯೋವಿನ ಚಂದ ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ. ಬೇಕಿದ್ದುದು ಅದರ ಹಿನ್ನೆಲೆಯ ಮಸುಕು ನಕ್ಷತ್ರಗಳು. ನಕ್ಷತ್ರಗಳ ನಡುವೆ ಚಂದ್ರ ಎಲ್ಲಿದೆಯೆಂದು ಅಳೆದರೆ ನೌಕೆ ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ನಕ್ಷತ್ರಗಳು ಮೂಡಲೆಂದು ಬೆಳಕನ್ನು ಹೆಚ್ಚಾಗಿಯೇ ಒಳಬಿಟ್ಟಿದ್ದರಿಂದ ಅಯೋ ವಿವರಗಳನ್ನೆಲ್ಲ ಕಳೆದುಕೊಂಡು ಬೆಳ್ಳಗಾಗಿತ್ತು. ಛಾಯಾಗ್ರಾಹಕರ ಲೆಕ್ಕದಲ್ಲಿ ಅದು ಕೆಟ್ಟ ಚಿತ್ರ.

ಕ್ಯಾಲಿಫೋರ್ನಿಯಾದ ಪಸಾಡೆನಾದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ (ಜೆಪಿಎಲ್) ನೌಕೆಯ ದಾರಿ ಲೆಕ್ಕ ಹಾಕುವ ತಂಡವೊಂದಿತ್ತು. ಆ ತಂಡದ ಎಂಜಿನಿಯರ್ ಲಿಂಡಾ ಮೊರಾಬಿಟೊ ಈ ಚಿತ್ರವನ್ನು ಕಂಪ್ಯೂಟರ್ ಪರದೆಗೆ ತಂದುಕೊಂಡು, ನಕ್ಷತ್ರಗಳು ಎದ್ದು ಕಾಣಲೆಂದು ಕಪ್ಪು ಭಾಗದ ಹೊಳಪನ್ನು ಏರಿಸುತ್ತ ಹೋದರು. ಅಯೋವಿನ ಅಂಚಿನಾಚೆ, ಏನೂ ಇರಬಾರದ ಜಾಗದಲ್ಲಿ, ದೊಡ್ಡದೊಂದು ಮಬ್ಬು ಕಮಾನು ಕಾಣಿಸಿತು. ಕ್ಯಾಮೆರಾದ ದೋಷವೇ? ಹಿಂದಿನಿಂದ ಇಣುಕುತ್ತಿರುವ ಇನ್ನೊಂದು ಚಂದ್ರವೇ? ಸಹೋದ್ಯೋಗಿಗಳ ಜೊತೆ ಕೂತು ಒಂದೊಂದನ್ನೇ ಪರೀಕ್ಷಿಸಿ ಕೈಬಿಟ್ಟ ಮೇಲೆ ಒಂದೇ ಉತ್ತರ ಉಳಿಯಿತು. ಅದು ಜ್ವಾಲಾಮುಖಿ, ಸುಮಾರು 300 ಕಿ.ಮೀ. ಎತ್ತರಕ್ಕೆ ಚಿಮ್ಮಿದ ಅನಿಲ ಮತ್ತು ದೂಳು. ಭೂಮಿಯಾಚೆ ಉಗುಳುತ್ತಿರುವ ಜ್ವಾಲಾಮುಖಿಯೊಂದು ಮನುಷ್ಯರ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಸ್ಟಾಂಟನ್ ಪೀಲ್ ಮತ್ತು ಅವರ ಇಬ್ಬರು ಸಂಗಡಿಗರು ಇದನ್ನು ಹೆಚ್ಚುಕಮ್ಮಿ ಮೊದಲೇ ಹೇಳಿದ್ದರು. ಒಂದು ಕಡೆ ಗುರುವಿನ ಭಾರೀ ಸೆಳೆತ, ಇನ್ನೊಂದು ಕಡೆ ನೆರೆಯ ಚಂದ್ರರ ಎಳೆತ. ಇವೆರಡರ ನಡುವೆ ಸಿಕ್ಕ ಅಯೋ ಸದಾ ಹಿಗ್ಗಿ ಕುಗ್ಗಿ ಒಳಗೊಳಗೇ ಕರಗಿರಬೇಕು ಎಂಬ ಅವರ ಲೇಖನ ‘ಸೈನ್ಸ್’ ಪತ್ರಿಕೆಯ ಮಾರ್ಚ್ 2ರ ಸಂಚಿಕೆಯಲ್ಲಿ ಬಂದಿತ್ತು. ನೌಕೆ ಗುರುವನ್ನು ತಲುಪಲು ಆಗ ಮೂರೇ ದಿನ ಬಾಕಿ. ವಿಜ್ಞಾನದಲ್ಲಿ ಮುನ್ಸೂಚನೆ ಮತ್ತು ಸಾಕ್ಷ್ಯ ಇಷ್ಟು ಬೆನ್ನಿಗೆ ಬೆನ್ನಿಗೆ ಬಂದ ಸಂದರ್ಭಗಳು ತೀರ ವಿರಳ.

ದೂರದ ಗ್ರಹದ ಬಳಿ ನಿಲ್ಲಬೇಕಾದರೆ ವೇಗ ತಗ್ಗಿಸಬೇಕು, ಅದಕ್ಕೆ ಹೊರೆ ಹೊರೆ ಇಂಧನ ಬೇಕು. ಅಷ್ಟು ಹೊತ್ತೊಯ್ಯಲಾಗದ ನೌಕೆಗಳು ಪಕ್ಕದಲ್ಲೇ ಹಾದು, ಸಿಕ್ಕಷ್ಟು ನೋಡಿ, ಮುಂದೆ ಹೋಗುತ್ತವೆ. ಗ್ರಹವನ್ನೇ ಸುತ್ತುತ್ತಿರುವ ನೌಕೆಗೂ ಚಂದ್ರರ ಮಟ್ಟಿಗೆ ಇದೇ ಪಾಡು: ಪ್ರತಿ ಸುತ್ತಿನಲ್ಲೂ ಒಂದೋ ಎರಡೋ ಚಂದ್ರರನ್ನು ಕೆಲವು ನಿಮಿಷಗಳ ಮಟ್ಟಿಗೆ ಹತ್ತಿರದಿಂದ ಕಾಣಬಹುದು, ಅಷ್ಟೇ. ಆ ಹೊತ್ತಿನಲ್ಲಿ ಭೂಮಿಯಿಂದ ಯಾರೂ ಶಟರ್ ಒತ್ತುತ್ತಿರುವುದಿಲ್ಲ. 1986ರಲ್ಲಿ ವಾಯೇಜರ್-2 ಯುರೇನಸ್ ಬಳಿ ಇದ್ದಾಗ ರೇಡಿಯೊ ಸಂದೇಶ ಒಂದು ಕಡೆಗೆ ಹೋಗಲು ಎರಡೂಮುಕ್ಕಾಲು ಗಂಟೆ ಬೇಕಿತ್ತು. ‘ಸ್ವಲ್ಪ ಎಡಕ್ಕೆ ತಿರುಗು’ ಎಂದು ಹೇಳಿ ಅದು ತಿರುಗಿತೇ ಎಂದು ತಿಳಿಯುವಷ್ಟರಲ್ಲಿ ಐದೂವರೆ ಗಂಟೆ ಕಳೆದು, ಚಂದ್ರ ಎಲ್ಲೋ ಹಿಂದುಳಿದಿರುತ್ತದೆ. ಆದ್ದರಿಂದ ಯಾವ ಸೆಕೆಂಡಿಗೆ ಯಾವ ದಿಕ್ಕು, ಯಾವ ಫಿಲ್ಟರ್, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೆಲ್ಲ ಬಹಳ ಮೊದಲೇ ಆದೇಶಗಳ ಸರಣಿಯಾಗಿ ಬರೆದು ನೌಕೆಯ ಕಂಪ್ಯೂಟರಿಗೆ ಕಳಿಸಿರಬೇಕು. ಇಂಥ ಚಿತ್ರವನ್ನು ತೆಗೆಯುತ್ತಾರೆ ಎನ್ನುವುದಕ್ಕಿಂತ ಮೊದಲೇ ಬರೆದಿಡುತ್ತಾರೆ ಎನ್ನುವುದೇ ಸರಿ.

ಯುರೇನಸ್ ಭೇಟಿಯಷ್ಟು ಕಠಿಣ ಪರೀಕ್ಷೆ ವಾಯೇಜರ್ ತಂಡಕ್ಕೆ ಅದಕ್ಕೂ ಮೊದಲು ಎದುರಾಗಿರಲಿಲ್ಲ. ನೌಕೆ ಭೂಮಿ ಬಿಟ್ಟದ್ದು 1977ರಲ್ಲಿ. ಅದರ ಕ್ಯಾಮೆರಾ ಹಳೆಯ ಟಿವಿ ಕ್ಯಾಮೆರಾಗಳಲ್ಲಿದ್ದಂಥ ವಿಡಿಕಾನ್ ಕೊಳವೆಯದು. ಒಂದು ಚಿತ್ರದಲ್ಲಿ 800 ಸಾಲು, ಸಾಲಿಗೆ 800 ಚುಕ್ಕೆ. ಒಟ್ಟು ಆರು ಲಕ್ಷ ನಲವತ್ತು ಸಾವಿರ. ಇಂದಿನ ಸಾಧಾರಣ ಮೊಬೈಲ್ ಚಿತ್ರದಲ್ಲಿ ಕೋಟಿಗೂ ಮಿಕ್ಕಿ ಚುಕ್ಕೆಗಳಿರುತ್ತವೆ. ನೌಕೆಯ ಟ್ರಾನ್ಸ್‌ಮಿಟರಿನ ಶಕ್ತಿ ಇಪ್ಪತ್ತಮೂರು ವ್ಯಾಟ್‌ನಷ್ಟು. ಗುರುವಿನ ಬಳಿಯಿಂದ ಒಂದು ಚಿತ್ರ ಕಳಿಸಲು ಮುಕ್ಕಾಲು ನಿಮಿಷ ಸಾಕಾಗಿತ್ತು. ಯುರೇನಸ್‌ನಿಂದ ಅದೇ ಚಿತ್ರಕ್ಕೆ ನಾಲ್ಕು ನಿಮಿಷ. ಸಾಲದ್ದಕ್ಕೆ ಅಲ್ಲಿನ ಬಿಸಿಲು ನಮ್ಮಲ್ಲಿಯದರ ಸುಮಾರು 370ರಲ್ಲಿ ಒಂದು ಪಾಲು. ಕತ್ತಲಲ್ಲಿ ಚಿತ್ರ ತೆಗೆಯಬೇಕಾದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಶಟರ್ ತೆರೆದೇ ಇದ್ದರೆ ಓಡುವ ನೌಕೆಯಲ್ಲಿ ಚಿತ್ರ ಕಲಸಿಹೋಗುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ದೂರದ ಬೆಟ್ಟ ನಿಂತಂತೆ ಕಂಡರೂ ಪಕ್ಕದ ಸಾಲುಮರಗಳು ಗೆರೆ ಗೆರೆಯಾಗಿ ಸರಿದುಹೋಗುವುದಿಲ್ಲವೇ, ಹಾಗೆ. ಹತ್ತಿರ ಹೋದಷ್ಟೂ ವಿವರ ಹೆಚ್ಚು, ಕಲಸುವುದೂ ಹೆಚ್ಚು.

ಮಿರಾಂಡಾ ಎಂಬ ಪುಟ್ಟ ಚಂದ್ರದ ವಿಷಯದಲ್ಲಿ ಈ ಇಕ್ಕಟ್ಟು ತುದಿ ಮುಟ್ಟಿತು. ಅದರ ಅಡ್ಡಳತೆ ಸುಮಾರು 470 ಕಿ.ಮೀ. ಮಾತ್ರ. ವಾಯೇಜರ್-2 ಅದರಿಂದ 29,000 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಾದುಹೋಗಬೇಕಿತ್ತು. ಮಿರಾಂಡಾವನ್ನು ಯಾರೂ ಆರಿಸಿರಲಿಲ್ಲ. ನೆಪ್ಚೂನ್‌ಗೆ ಹೋಗುವ ದಾರಿ ಹಿಡಿಯಬೇಕಾದರೆ ಯುರೇನಸ್‌ಗೆ ಅಷ್ಟು ಸಮೀಪದಿಂದಲೇ ಹೋಗಬೇಕಿತ್ತು, ಆ ದಾರಿಯಲ್ಲಿ ಮಿರಾಂಡಾ ಇತ್ತು. ಕ್ಯಾಮೆರಾಗಳನ್ನು ಹೊತ್ತ ತಿರುಗುವೇದಿಕೆಯೂ ನೆಚ್ಚುವಂತಿರಲಿಲ್ಲ. 1981ರಲ್ಲಿ ಶನಿಯನ್ನು ದಾಟಿದ ಹೊತ್ತಿನಲ್ಲೇ ಅದು ಸಿಕ್ಕಿಹಾಕಿಕೊಂಡಿತ್ತು. ಆಮೇಲೆ ಅದನ್ನು ಮೆಲ್ಲಗೆ ಮಾತ್ರ ತಿರುಗಿಸುವುದೆಂದು ತೀರ್ಮಾನವಾಗಿತ್ತು.

ಆಗ ಜೆಪಿಎಲ್ ಎಂಜಿನಿಯರ್‌ಗಳು ಮಾಡಿದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಕ್ಯಾಮೆರಾ ತಿರುಗಿಸುವ ಬದಲು ಇಡೀ ನೌಕೆಯನ್ನೇ, ಚಂದ್ರ ಸರಿಯುವ ವೇಗಕ್ಕೆ ಸರಿಯಾಗಿ, ನಿಧಾನವಾಗಿ ಹೊರಳಿಸಿದರು. ನೌಕೆಯೊಳಗಿನ ಟೇಪ್ ರೆಕಾರ್ಡರ್ ಶುರುವಾದಾಗ ಮತ್ತು ನಿಂತಾಗ ಇಡೀ ನೌಕೆ ಕಂಡೂ ಕಾಣದಷ್ಟು ಅಲುಗುತ್ತಿತ್ತು. ಚಿತ್ರ ಕೆಡಿಸಲು ಅಷ್ಟೇ ಸಾಕು ಎಂದು ತಿಳಿದು, ಅದಕ್ಕೆ ಎದುರಾಗಿ ಪುಟ್ಟ ಥ್ರಸ್ಟರ್‌ಗಳು ಕ್ಷಣಮಾತ್ರ ಉರಿಯುವಂತೆ ಆದೇಶ ಬರೆದರು. ಒಂದೊಂದು ಚುಕ್ಕೆಯ ಹೊಳಪನ್ನೂ ಪೂರ್ತಿ ಕಳಿಸದೆ, ಪಕ್ಕದ ಚುಕ್ಕೆಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು ಮಾತ್ರ ಕಳಿಸುವ ವಿಧಾನವನ್ನು ಕಂಪ್ಯೂಟರಿಗೆ ಕಲಿಸಿದರು. ಕಳಿಸಬೇಕಾದ ಮಾಹಿತಿಯ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ಇದೆಲ್ಲ ಎಂಟು ವರ್ಷ ಹಳೆಯದಾದ, ಮತ್ತೆ ಕೈಯಿಂದ ಮುಟ್ಟಲಾಗದ ಯಂತ್ರಕ್ಕೆ, ಇನ್ನೂರೈವತ್ತು ಕೋಟಿ ಕಿ.ಮೀ.ಗೂ ಹೆಚ್ಚು ದೂರದಿಂದ ಮಾಡಿದ ರಿಪೇರಿ.

1986ರ ಜನವರಿ 24ರ ಆ ಚಿತ್ರಗಳನ್ನು ಈಗ ನೋಡಿದರೂ ಎಲ್ಲೂ ಕಲಸಿದ ಗುರುತಿಲ್ಲ. ಮಿರಾಂಡಾದ ಮೇಲೆ ನೇಗಿಲ ಸಾಲುಗಳಂಥ ಗೀರುಗಳ ವಿಶಾಲ ಬಯಲುಗಳು, ಪಕ್ಕದಲ್ಲೇ ಕುಳಿಬಿದ್ದ ಹಳೆಯ ನೆಲ, ಕಿಲೋಮೀಟರುಗಟ್ಟಲೆ ಎತ್ತರದ ಕಡಿದಾದ ಪ್ರಪಾತಗಳು. ಸುಮ್ಮನೆ ತಣ್ಣಗೆ ಬಿದ್ದಿರುವ ಹಿಮದುಂಡೆ ಇರಬಹುದೆಂದುಕೊಂಡಿದ್ದವರ ಮುಂದೆ ಸೌರಮಂಡಲದ ಅತಿ ವಿಚಿತ್ರ ನೆಲಗಳಲ್ಲೊಂದು ತೆರೆದುಕೊಂಡಿತು.

ಹೊಸ ತಂತ್ರಜ್ಞಾನ ಬಂದರೆ ಈ ಕಷ್ಟ ಮುಗಿಯುತ್ತದೆ ಎನ್ನುವಂತಿಲ್ಲ. ಗುರುವನ್ನು ಸುತ್ತಲು ಹೋದ ಗೆಲಿಲಿಯೊ ನೌಕೆಯಲ್ಲಿ ಒಳ್ಳೆಯ ಕ್ಯಾಮೆರಾ ಇತ್ತು, ಆದರೆ 1991ರಲ್ಲಿ ಅದರ ಮುಖ್ಯ ಆಂಟೆನಾ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಿಟ್ ಕಳಿಸಬೇಕಿದ್ದ ನೌಕೆ, ಹೆಚ್ಚೆಂದರೆ 160 ಬಿಟ್ ಕಳಿಸುವ ಚಿಕ್ಕ ಆಂಟೆನಾವನ್ನೇ ನೆಚ್ಚಿ ಕೆಲಸ ಮಾಡಿತು. ಶನಿಗೆ ಹೋದ ಕ್ಯಾಸಿನಿಯಲ್ಲಿ ಖರ್ಚು ಉಳಿಸಲೆಂದು ತಿರುಗುವೇದಿಕೆಯನ್ನೇ ಕೈಬಿಟ್ಟಿದ್ದರು. ಚಂದ್ರನ ಕಡೆ ನೋಡಬೇಕಾದರೆ ಇಡೀ ನೌಕೆಯೇ ತಿರುಗಬೇಕು. ಆಗ ಆಂಟೆನಾ ಭೂಮಿಯ ಕಡೆಗೆ ಇರುವುದಿಲ್ಲ. ಚಿತ್ರ ತೆಗೆದು ಕೂಡಿಟ್ಟು, ಆಮೇಲೆ ಭೂಮಿಗೆ ಮುಖ ಮಾಡಿ ಕಳಿಸಬೇಕು.

ಇಂಥ ನೌಕೆಯೇ 2008ರ ಆಗಸ್ಟ್ 11ರಂದು ಎನ್ಸೆಲಾಡಸ್ ಚಂದ್ರದ ನೆಲದಿಂದ ಬರೀ 50 ಕಿ.ಮೀ. ಎತ್ತರದಲ್ಲಿ ಹಾರಿತು, ಸೆಕೆಂಡಿಗೆ 17.7 ಕಿ.ಮೀ. ವೇಗದಲ್ಲಿ. ಅಷ್ಟು ಹತ್ತಿರದಲ್ಲಿ ಚಂದ್ರ ಸರಿಯುವ ವೇಗಕ್ಕೆ ಸಮನಾಗಿ ತಿರುಗುವುದು ಕ್ಯಾಸಿನಿಗೆ ಸಾಧ್ಯವೇ ಇರಲಿಲ್ಲ. ತಂಡದ ಪಾಲ್ ಹೆಲ್ಫೆನ್‌ಸ್ಟೈನ್ ಒಂದು ಉಪಾಯ ಹೂಡಿದರು. ಚಂದ್ರವನ್ನು ಬೆನ್ನಟ್ಟುವ ಬದಲು, ಅದು ಮುಂದೆ ಎಲ್ಲಿಗೆ ಬರುತ್ತದೋ ಆ ಖಾಲಿ ಆಕಾಶಕ್ಕೆ ಕ್ಯಾಮೆರಾವನ್ನು ಮೊದಲೇ ಗುರಿಯಿಟ್ಟು, ನೌಕೆಯನ್ನು ಆದಷ್ಟು ಬೇಗ ಅದೇ ದಿಕ್ಕಿಗೆ ತಿರುಗಿಸುತ್ತ, ಎನ್ಸೆಲಾಡಸ್ ಹಿಂದಿನಿಂದ ಬಂದು ಚೌಕಟ್ಟಿನೊಳಗೆ ಹಾಯುವಾಗ ಸರಸರನೆ ಚಿತ್ರ ತೆಗೆಯುವುದು. ಗಾಳಿಗೆ ಚಿಮ್ಮಿದ ಗುರಿಯನ್ನು ಹೊಡೆಯುವ ಶೂಟಿಂಗ್ ಆಟದ ಹೆಸರನ್ನೇ ತಂಡ ಇದಕ್ಕೆ ಇಟ್ಟಿತು. ನೀರಾವಿ ಮತ್ತು ಹಿಮಕಣಗಳನ್ನು ಆಕಾಶಕ್ಕೆ ಉಗುಳುವ ದಕ್ಷಿಣ ಧ್ರುವದ ಬಿರುಕುಗಳು, ಅವುಗಳ ಅಂಚಿನಲ್ಲಿ ಚೆಲ್ಲಾಡಿದ ಹಿಮಬಂಡೆಗಳು, ಎಲ್ಲ ನಿಚ್ಚಳವಾಗಿ ಬಂದವು.

ಆ ಹಿಮಕಾರಂಜಿಗಳ ಅತಿ ಸ್ಪಷ್ಟ ಚಿತ್ರಗಳು ಸಿಕ್ಕದ್ದು ಹತ್ತಿರದಿಂದಲ್ಲ, ಸರಿಯಾದ ಕೋನದಿಂದ. 2005ರ ನವೆಂಬರ್‌ನಲ್ಲಿ ಕ್ಯಾಸಿನಿ ಸೂರ್ಯನಿಗೆ ಎದುರಾಗಿ ನಿಂತು, ತೆಳ್ಳನೆಯ ಗೆರೆಯಷ್ಟೇ ಬೆಳಗಿದ ಎನ್ಸೆಲಾಡಸ್‌ನ ಚಿತ್ರ ತೆಗೆಯಿತು. ಸಣ್ಣ ಕಣಗಳು ಬೆಳಕನ್ನು ಮುಂದಕ್ಕೆ ಚದುರಿಸುವುದರಿಂದ, ಹಿಂದಿನಿಂದ ಬಿಸಿಲು ಬಿದ್ದಾಗಲೇ ಅವು ಹೊಳೆಯುವುದು. ಎಷ್ಟು ಹತ್ತಿರ ಎಂಬ ಪ್ರಶ್ನೆಯಷ್ಟೇ ಯಾವ ಕಡೆಯಿಂದ ಎಂಬುದೂ ಮುಖ್ಯ.

ಬಣ್ಣದ ವಿಚಾರದಲ್ಲಿ ಓದುಗರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು. ಈ ಕ್ಯಾಮೆರಾಗಳು ಒಂದೊಂದು ಫಿಲ್ಟರಿನಲ್ಲಿ ಒಂದೊಂದು ಕಪ್ಪುಬಿಳುಪು ಚಿತ್ರ ತೆಗೆಯುತ್ತವೆ. ಭೂಮಿಯಲ್ಲಿ ಅವನ್ನು ಸೇರಿಸಿದಾಗ ಬಣ್ಣ ಬರುತ್ತದೆ. ಒಂದು ಫಿಲ್ಟರಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚಂದ್ರ ಸರಿದಿರುತ್ತದೆ, ಅದನ್ನೂ ಸರಿಹೊಂದಿಸಬೇಕು. ವಾಯೇಜರ್‌ನ ವಿಡಿಕಾನ್‌ಗೆ ಕೆಂಪು ಬೆಳಕು ಸರಿಯಾಗಿ ಕಾಣುತ್ತಿರಲಿಲ್ಲ, ಆ ಕಾಲದ ಅಯೋ ಚಿತ್ರಗಳು ಬೆಂಕಿಬಣ್ಣಕ್ಕೆ ತಿರುಗಿದ್ದಕ್ಕೆ ಅದೂ ಒಂದು ಕಾರಣ. ನಿಜವಾದ ಅಯೋ ತಿಳಿಹಳದಿ. ಬಂಡೆ, ಗಂಧಕ, ಹಿಮ ಬೇರೆ ಬೇರೆಯಾಗಿ ಕಾಣಲೆಂದು ಬಣ್ಣ ಗಾಢಗೊಳಿಸುವುದು ನ್ಯಾಯವಾದ ಕೆಲಸವೇ, ಆದರೆ ಗಾಢಗೊಳಿಸಿದ್ದೇವೆ ಎಂಬ ಮಾತು ಚಿತ್ರದ ಕೆಳಗೆ ಇರಲೇಬೇಕು. ನಾಸಾ ಅದನ್ನು ಬರೆಯುತ್ತದೆ. ಚಿತ್ರ ಕೈಯಿಂದ ಕೈಗೆ ದಾಟುವಾಗ ಮೊದಲು ಉದುರಿಹೋಗುವುದು ಆ ಒಂದು ಸಾಲು.

2016ರಿಂದ ಗುರುವನ್ನು ಸುತ್ತುತ್ತ ಬಂದ ಜೂನೋ ನೌಕೆ ಈ ಕತೆಯನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. ಅದರ ಜೂನೋಕ್ಯಾಮ್ ಕ್ಯಾಮೆರಾವನ್ನು ಹಾಕಿದ್ದೇ ಮುಖ್ಯವಾಗಿ ಜನಸಾಮಾನ್ಯರಿಗಾಗಿ. ನೌಕೆ ನಿಮಿಷಕ್ಕೆ ಎರಡು ಸುತ್ತು ತಿರುಗುತ್ತಲೇ ಇರುವುದರಿಂದ ಚಿತ್ರ ಒಮ್ಮೆಗೇ ಬರುವುದಿಲ್ಲ, ಪಟ್ಟಿ ಪಟ್ಟಿಯಾಗಿ ಬರುತ್ತದೆ. ಆ ಕಚ್ಚಾ ಪಟ್ಟಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಗೆರಾಲ್ಡ್ ಐಕ್‌ಸ್ಟೆಟ್, ಬ್ಯೋರ್ನ್ ಯೋನ್ಸನ್, ಕೆವಿನ್ ಗಿಲ್ ಮೊದಲಾದ ಆಸಕ್ತರು ನೌಕೆಯ ದಾರಿ ಮತ್ತು ತಿರುಗುವಿಕೆಯನ್ನು ಲೆಕ್ಕ ಹಾಕಿ, ಪಟ್ಟಿಗಳನ್ನು ಹೊಂದಿಸಿ ಮೂಡಿಸಿದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಗಿವೆ. ಈ ಕ್ಯಾಮೆರಾದ ಹೊಣೆ ಹೊತ್ತ ಕ್ಯಾಂಡಿಸ್ ಹ್ಯಾನ್ಸನ್ ಹಿಂದೆ ವಾಯೇಜರ್ ಚಿತ್ರತಂಡದಲ್ಲೂ ದುಡಿದವರು.

2021ರ ಜೂನ್ 7ರಂದು ಜೂನೋ ಗುರುವಿನ ಚಂದ್ರ ಗ್ಯಾನಿಮೀಡ್‌ನಿಂದ 1,038 ಕಿ.ಮೀ. ದೂರದಲ್ಲಿ ಹಾದುಹೋಯಿತು. ಬೆಳಕಿನ ಚುಕ್ಕಿಯಾಗಿದ್ದ ಚಂದ್ರ ಬಿಂಬವಾಗಿ ಬೆಳೆದು ಮತ್ತೆ ಚುಕ್ಕಿಯಾಗಲು ಸುಮಾರು 25 ನಿಮಿಷ ಹಿಡಿಯುತ್ತದೆ, ಐದು ಚಿತ್ರಗಳಿಗೆ ಸಮಯ ಸಾಲುತ್ತದೆ ಎಂದು ತಂಡ ಮೊದಲೇ ಲೆಕ್ಕ ಹಾಕಿತ್ತು. ಬಿಸಿಲಿಲ್ಲದ ಬದಿಯ ಚಿತ್ರ ತೆಗೆದದ್ದು ಮಾತ್ರ ನಕ್ಷತ್ರ ನೋಡಿ ದಿಕ್ಕು ಹಿಡಿಯಲೆಂದು ಇಟ್ಟಿದ್ದ ಬೇರೊಂದು ಕ್ಯಾಮೆರಾ. ಮಂದ ಬೆಳಕಿಗೆಂದೇ ಮಾಡಿದ್ದ ಅದಕ್ಕೆ, ಗುರುವಿನಿಂದ ಪ್ರತಿಫಲಿಸಿ ಬಂದ ಬೆಳಕೇ ಸಾಕಾಯಿತು.

ಗುರುವಿನ ಸುತ್ತಲ ವಿಕಿರಣ ಕ್ಯಾಮೆರಾಗಳ ಕಡು ವೈರಿ. 2023ರ ಕೊನೆಗೆ ಜೂನೋಕ್ಯಾಮ್ ಕಳಿಸಿದ ಚಿತ್ರಗಳೆಲ್ಲ ಗೆರೆ ಮತ್ತು ಚುಕ್ಕೆಗಳಿಂದ ಕೆಟ್ಟುಹೋಗುತ್ತಿದ್ದವು. ಡಿಸೆಂಬರ್ 30ರಂದು ಅಯೋ ಬಳಿ, ಬರೀ 1,500 ಕಿ.ಮೀ. ದೂರದಲ್ಲಿ ಹಾದುಹೋಗುವುದಿತ್ತು. ತಂಡ ಕ್ಯಾಮೆರಾದ ಹೀಟರನ್ನು ಹಾಕಿ ಅದನ್ನು 25 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡಿತು. ಬಿಸಿಯಾಗಿ ತಣಿದರೆ ಕೆಲವೊಮ್ಮೆ ಸಿಲಿಕಾನ್‌ನೊಳಗಿನ ಗಾಯಗಳು ಮಾಯುತ್ತವೆ. ಮೊದಮೊದಲು ಏನೂ ಸುಧಾರಿಸಲಿಲ್ಲ. ಭೇಟಿಗೆ ಕೆಲವೇ ದಿನ ಉಳಿದಾಗ ಚಿತ್ರಗಳು ತಿಳಿಯಾಗತೊಡಗಿದವು. ಅಯೋವಿನ ಉತ್ತರ ಧ್ರುವದ ಬೆಟ್ಟಗಳು ನೆರಳಿನ ಸಮೇತ ಸ್ಪಷ್ಟವಾಗಿ ಬಂದವು.

2024ರ ಅಕ್ಟೋಬರ್ 14ರಂದು ಹೊರಟ ಯೂರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ಸೇರಬೇಕಿದೆ. ಯೂರೋಪಾ ಚಂದ್ರದ ಪಕ್ಕದಲ್ಲಿ 49 ಬಾರಿ, ಕೆಲವೊಮ್ಮೆ 25 ಕಿ.ಮೀ.ನಷ್ಟು ಸಮೀಪ ಹಾದುಹೋಗುವ ಯೋಜನೆ ಅದರದು. ನೌಕೆ ತಿರುಗದಿದ್ದರೂ ತಾನೇ ತಿರುಗಬಲ್ಲ ಕ್ಯಾಮೆರಾ ಅದರಲ್ಲಿದೆ. ಯುರೇನಸ್‌ಗೆ ಮಾತ್ರ 1986ರ ಬಳಿಕ ಯಾವ ನೌಕೆಯೂ ಹೋಗಿಲ್ಲ. ಆಗ ಅದರ ಚಂದ್ರರ ದಕ್ಷಿಣಾರ್ಧಕ್ಕಷ್ಟೇ ಬಿಸಿಲಿತ್ತು, ಉತ್ತರಾರ್ಧ ಕತ್ತಲಲ್ಲಿತ್ತು. 2007ರಲ್ಲಿ ಅಲ್ಲಿ ಋತು ಬದಲಾಗಿ ಈಗ ಉತ್ತರಾರ್ಧಕ್ಕೆ ಬಿಸಿಲು ಬಂದಿದೆ, ಸುಮಾರು 2049ರವರೆಗೆ ಇರುತ್ತದೆ. ಮುಂದಿನ ದೊಡ್ಡ ಯೋಜನೆಯಾಗಿ ಯುರೇನಸ್‌ಗೆ ನೌಕೆ ಕಳಿಸಬೇಕೆಂದು ಅಮೆರಿಕದ ವಿಜ್ಞಾನಿಗಳ ಸಮಿತಿ 2022ರಲ್ಲಿ ಶಿಫಾರಸು ಮಾಡಿದೆ. ಆ ನೌಕೆ ಅಷ್ಟರೊಳಗೆ ತಲುಪಿದರೆ ವಾಯೇಜರ್‌ಗೆ ಕಾಣದ ಮಿರಾಂಡಾದ ಇನ್ನರ್ಧದ ಚಿತ್ರವನ್ನೂ ತೆಗೆಯಬಹುದು. ಹೊರಡುವುದು ತಡವಾದಷ್ಟೂ ಅದಕ್ಕೆ ಉಳಿಯುವ ಬಿಸಿಲು ಕಡಿಮೆ.